ಉಗ್ರಾಣದ ಹೊರಗಿನ ಚಪ್ಪಲಿ

"ಗುರುಗಳೇ, ಊರಿನಿಂದ ಹೊರಹಾಕಿದ ಹೆಂಗಸೊಬ್ಬಳ ಕತೆ ಬರೆದಿದ್ದೇನೆ. ಪುಟಪುಟದಲ್ಲೂ ಅವಳು ಅಳುತ್ತಾಳೆ. ಓದಿದವರು ಮಾತ್ರ 'ಚೆನ್ನಾಗಿದೆ' ಎಂದು ಆಕಳಿಸಿ ಎದ್ದು ಹೋಗುತ್ತಾರೆ. ಅವರ ಎದೆ ಕರಗಬೇಕಾದರೆ ಅವಳು ಇನ್ನೆಷ್ಟು ಅಳಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಪಾಳೆಯಗಾರನಿದ್ದ. ಅವನ ಉಗ್ರಾಣದಲ್ಲಿ ರಾಗಿ ಕದಿಯುತ್ತಿದ್ದ ಕಳ್ಳನೊಬ್ಬ ಸಿಕ್ಕಿಬಿದ್ದ. ಊರಿನವರೆಲ್ಲ ಚಾವಡಿಗೆ ಬಂದು ಅವನಿಗೆ ತಲಾ ಒಂದು ಚಪ್ಪಲಿ ಏಟು ಹೊಡೆಯಬೇಕು, ಆಮೇಲೆ ಅವನನ್ನು ಗಡಿಯಾಚೆ ಅಟ್ಟಬೇಕು ಎಂದು ಅಪ್ಪಣೆಯಾಯಿತು. ಅಷ್ಟು ಮಂದಿಯ ಚಪ್ಪಲಿ ತಿಂದವನು ಬದುಕಿದ್ದರೂ ಸತ್ತಂತೆಯೇ.

ಹೊಡೆಯುವಾಗ ಊರಿನವರ ಕೈ ಎಲ್ಲಿ ಸಡಿಲವಾಗುತ್ತದೋ ಎಂದು ಪಾಳೆಯಗಾರನಿಗೆ ಒಳಗೊಳಗೇ ಅನುಮಾನ. ಉಂಬಳಿ ಹೊಲ ಕೊಟ್ಟು ಸಾಕಿಕೊಂಡಿದ್ದ ಕತೆಗಾರನನ್ನು ಕರೆಸಿದ. "ಸಂಜೆ ಚಾವಡಿಯಲ್ಲಿ ಈ ಕಳ್ಳನ ಕತೆ ಹೇಳು. ಕೇಳಿದವರ ರಕ್ತ ಕುದಿಯಬೇಕು" ಎಂದ.

ಕತೆಗಾರನಿಗೆ ಆ ಕೆಲಸ ಬೇಕಿರಲಿಲ್ಲ. ಆದರೂ ಸೆರೆಮನೆಗೆ ಹೋಗಿ ಕಳ್ಳನ ಎದುರು ಕೂತ. ಯಾಕೆ ಕದ್ದೆ ಎಂದು ಕೇಳಲಿಲ್ಲ. ಹೇಗೆ ಸಿಕ್ಕಿಬಿದ್ದೆ ಎಂದು ಕೇಳಿದ.

ಸಂಜೆ ಜನ ಸೇರಿದರು. ಕತೆಗಾರ ಏನನ್ನೂ ಮುಚ್ಚಿಡಲಿಲ್ಲ. ಕಳ್ಳ ಮೈಗಳ್ಳ ಎಂದ, ಸುಳ್ಳುಬುರುಕ ಎಂದ, ಹೆಂಡತಿಯ ಓಲೆಯನ್ನೂ ಮಾರಿ ತಿಂದವನು ಎಂದ. ಜನ ಹಲ್ಲು ಕಡಿದರು. ಪಾಳೆಯಗಾರ ಮೀಸೆ ತಿರುವಿದ. ಕತೆಗಾರ ಮುಂದುವರಿಸಿದ.

"ಕತ್ತಲಲ್ಲಿ ಉಗ್ರಾಣದ ಬೀಗ ಮುರಿದ. ಒಳಗೆ ಕಾಲಿಡಬೇಕು, ಅಷ್ಟರಲ್ಲಿ ನಿಂತ. ಕಾಳು ತುಂಬಿದ ಕೋಣೆಯಲ್ಲವೇ? ಚಪ್ಪಲಿ ಕಳಚಿ ಹೊರಗೆ ಬಿಟ್ಟು ಒಳಗೆ ಹೋದ. ಕಾವಲಿನವನು ಆ ಚಪ್ಪಲಿ ನೋಡಿಯೇ ಅವನನ್ನು ಹಿಡಿದ."

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು. ಅಷ್ಟು ಹೊತ್ತು ಶಾಪ ಹಾಕುತ್ತಿದ್ದ ಮುದುಕಿಯೊಬ್ಬಳು, "ಅಯ್ಯೋ ಮಂಕುಮುಂಡೇದೇ, ಮೆಟ್ಕೊಂಡೇ ಹೋಗಬಾರದಿತ್ತಾ!" ಎಂದುಬಿಟ್ಟಳು.

ಪಾಳೆಯಗಾರನಿಗೆ ಮೈಯೆಲ್ಲ ಉರಿಯಿತು. ಕತೆಗಾರನನ್ನು ಒಳಗೆ ಕರೆದು, "ನಾಳೆ ಶಿಕ್ಷೆಗೆ ಮೊದಲು ಇನ್ನೊಮ್ಮೆ ಹೇಳು. ಆ ಚಪ್ಪಲಿ ಇರಕೂಡದು" ಎಂದ.

"ಆಗಲ್ಲ ಬುದ್ಧಿ."

"ಉಂಬಳಿ ಕಿತ್ತುಕೊಳ್ಳುತ್ತೇನೆ."

"ಕಿತ್ಕೊಳ್ಳಿ. ಮೈಗಳ್ಳ ಅಂದೆ, ಸುಳ್ಳುಬುರುಕ ಅಂದೆ, ನಿಮಗೆ ಬೇಕಾದ್ದೆಲ್ಲ ಅಂದೆ. ಚಪ್ಪಲಿ ಅವನು ಬಿಟ್ಟಿದ್ದು. ಅದನ್ನ ತೆಗೆಯೋಕೆ ನಾನ್ಯಾರು, ನೀವ್ಯಾರು?"

ಅನ್ನಕ್ಕೆ ಕುತ್ತು ಬಂತೆಂದು ಅವನಿಗೆ ಗೊತ್ತಿತ್ತು. ಆದರೂ ಹೇಳಿದ. ಹೊಲ ಹೋಯಿತು.

ಮರುದಿನ ಮಟಮಟ ಮಧ್ಯಾಹ್ನ ಡಂಗುರ ಹೊಡೆಸಿದರು. ಊರೆಲ್ಲ ಚಾವಡಿಗೆ ಬಂತು. ಕಳ್ಳನನ್ನು ಕಂಬಕ್ಕೆ ಕಟ್ಟಿದ್ದರು. "ಹೂಂ, ಶುರು ಮಾಡಿ" ಎಂದ ಪಾಳೆಯಗಾರ. ಯಾರೂ ಕದಲಲಿಲ್ಲ. ಆಗ ಅವನು ಅವರ ಕಾಲುಗಳನ್ನು ನೋಡಿದ. ಸುಡುವ ಚಪ್ಪಡಿಯ ಮೇಲೆ ಊರಿಗೆ ಊರೇ ಬರಿಗಾಲಲ್ಲಿ ನಿಂತಿತ್ತು.

"ಚಪ್ಪಲಿ ಎಲ್ಲಿ?" ಎಂದು ಗದರಿದ.

ಮುದುಕಿ ಒಂದು ಹೆಜ್ಜೆ ಮುಂದೆ ಬಂದಳು.

"ಹೊರಗೆ ಬಿಟ್ಟು ಬಂದಿದ್ದೀವಿ ಬುದ್ಧಿ" ಎಂದಳು.

ಹೊಡೆಯುವವರಿಲ್ಲದೆ ಶಿಕ್ಷೆ ನಿಂತುಹೋಯಿತು. ಏಟು ಮುಗಿಯದೆ ಗಡಿಯಾಚೆ ಅಟ್ಟುವಂತಿರಲಿಲ್ಲ; ಕಳ್ಳ ಊರಿನಲ್ಲೇ ಉಳಿದ.

ಕತೆ ಮುಗಿದರೂ ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆ ಕತೆಗಾರ ಕಳ್ಳನ ಕಣ್ಣೀರಿನ ಬಗ್ಗೆ ಒಂದು ಮಾತೂ ಆಡಲಿಲ್ಲವಲ್ಲ!" ಎಂದ.

ಗುರುಗಳು ಕೇಳಿದರು: "ನಿನ್ನ ಹೆಂಗಸು ಊರು ಬಿಟ್ಟು ಹೊರಟಾಗ, ಮನೆಗೆ ಬೀಗ ಹಾಕಿಕೊಂಡಳೋ, ಇಲ್ಲವೋ?"

ಶಿಷ್ಯ ತನ್ನ ಕತೆಯ ಪುಟಗಳನ್ನು ಮಗುಚಿ ಹುಡುಕಿದ. ಪುಟಪುಟದಲ್ಲೂ ಕಣ್ಣೀರಿತ್ತು, ಬೀಗ ಎಲ್ಲೂ ಇರಲಿಲ್ಲ.