ಬುಗುರಿ ಮರಿಯ ಗಂಟೆಗೆ ನಾಲಿಗೆ

ಹೂಂ ಅನ್ನಿರಿ ಮತ್ತ. ಹೂಂ ಅನ್ನದಿದ್ದರೆ ಕಥೆ ಮುಂದಕ್ಕೆ ನಡೆಯೋದಿಲ್ಲ.

ಒಂದೂರು. ಊರಲ್ಲೊಬ್ಬ ಹುಡುಗಿ, ದ್ಯಾಮಿ. ದ್ಯಾಮಿಗೊಂದು ಆಡಿನ ಮರಿ. ನಿಂತಲ್ಲಿ ನಿಲ್ಲದು, ಗಿರಗಿರ ತಿರುಗುವುದು. ಅದಕ್ಕೇ ಅದರ ಹೆಸರು ಬುಗುರಿ.

ಬುಗುರಿಯ ಕೊರಳಲ್ಲಿ ಗಂಟೆ. ಗಂಟೆಯೊಳಗೆ ಕಬ್ಬಿಣದ ನಾಲಿಗೆ. ಒಂದು ಮುಂಜಾನೆ ನೋಡಿದರೆ ನಾಲಿಗೆ ಕಳಚಿ ಎಲ್ಲೋ ಬಿದ್ದಿತ್ತು. ಅಂಗಳದಲ್ಲಿ ಹುಡುಕಿದಳು, ಇಲ್ಲ. ತಿಪ್ಪೆಯಲ್ಲಿ ಹುಡುಕಿದಳು, ಇಲ್ಲ. ಗಂಟೆ ಮೂಕವಾಯಿತು.

ಹೊಲದಲ್ಲಿ ಜೋಳ ಆಳೆತ್ತರ. ಜೋಳದಾಚೆ ತೋಳದ ಗುಡ್ಡ. ತಾಯಿ ಆಡು ಮೇಯಲು ಹೊರಟರೆ ಬುಗುರಿ ಹಿಂದೆಯೇ ಓಡುವುದು. ಜೋಳ ಹೊಕ್ಕ ಮರಿ ಕಣ್ಣಿಗೆ ಕಾಣದು, ಕಿವಿಗೆ ಕೇಳಬೇಕು. ದ್ಯಾಮಿ ಮರಿಯನ್ನು ಕಂಬಕ್ಕೆ ಕಟ್ಟಿದಳು. ಎಷ್ಟು ದಿನ ಕಟ್ಟೋದು? ಮರಿ ಮೇಯಬೇಡವೇ?

ಕಮ್ಮಾರ ಮೌನೇಶನ ಹತ್ತಿರ ಹೋದಳು.

"ಕಾಕಾ, ಕಾಕಾ, ನಾಲಿಗಿ ಕೊಡು. ನಾಲಿಗಿ ಇದ್ದರ ಗಂಟಿ ನುಡಿತೈತಿ. ಗಂಟಿ ನುಡಿದರ ಬುಗುರಿ ಕಳೆಯಂಗಿಲ್ಲ."

"ಒಲಿ ಆರೈತಿ ತಂಗಿ. ಇದ್ದಲಿ ತಾ, ನಾಲಿಗಿ ಒಯ್ಯಿ."

ಇದ್ದಲಿ ಸುಡುವ ಖಾಸಿಂಬಿಯ ಹತ್ತಿರ ಹೋದಳು.

"ಅಕ್ಕಾ, ಅಕ್ಕಾ, ಇದ್ದಲಿ ಕೊಡು. ಇದ್ದಲಿ ಇದ್ದರ ನಾಲಿಗಿ ಆಗತೈತಿ. ನಾಲಿಗಿ ಇದ್ದರ ಗಂಟಿ ನುಡಿತೈತಿ. ಗಂಟಿ ನುಡಿದರ ಬುಗುರಿ ಕಳೆಯಂಗಿಲ್ಲ."

"ನನ್ನ ಬುಟ್ಟಿ ತಳ ಹರದೈತಿ. ಉಡ್ಯಾಗ ಒಯ್ತೀಯೇನ ಹುಚ್ಚಿ? ಲಂಗ ಕರ್ರಗಾದರ ನಿಮ್ಮವ್ವ ನನ್ನ ಬಿಡ್ತಾಳೇನು? ಬುಟ್ಟಿ ತಾ, ಇದ್ದಲಿ ಒಯ್ಯಿ."

ಬುಟ್ಟಿ ಹೆಣೆಯುವ ಕೇತಪ್ಪನ ಹತ್ತಿರ ಹೋದಳು.

"ಮಾಮಾ, ಮಾಮಾ, ಬುಟ್ಟಿ ಕೊಡು. ಬುಟ್ಟಿ ಇದ್ದರ ಇದ್ದಲಿ ಸಿಗತೈತಿ. ಇದ್ದಲಿ ಇದ್ದರ ನಾಲಿಗಿ ಆಗತೈತಿ. ನಾಲಿಗಿ ಇದ್ದರ ಗಂಟಿ ನುಡಿತೈತಿ. ಗಂಟಿ ನುಡಿದರ ಬುಗುರಿ ಕಳೆಯಂಗಿಲ್ಲ."

"ಬಿದಿರು ಒಣಗೈತಿ. ಬಗ್ಗಿಸಿದರ ಲಟಕ್ಕಂತ ಮುರಿತೈತಿ. ನೆನೆಸಬೇಕು. ತಗೋ ಕೊಡ. ನೀರು ತಾ, ಬುಟ್ಟಿ ಒಯ್ಯಿ."

ಕೊಡ ಹಿಡಿದು ಬಾವಿಯ ಹತ್ತಿರ ಹೋದಳು.

"ತಾಯೀ, ತಾಯೀ, ನೀರು ಕೊಡು. ನೀರು ಇದ್ದರ ಬುಟ್ಟಿ ಆಗತೈತಿ. ಬುಟ್ಟಿ ಇದ್ದರ ಇದ್ದಲಿ ಸಿಗತೈತಿ. ಇದ್ದಲಿ ಇದ್ದರ ನಾಲಿಗಿ ಆಗತೈತಿ. ನಾಲಿಗಿ ಇದ್ದರ ಗಂಟಿ ನುಡಿತೈತಿ. ಗಂಟಿ ನುಡಿದರ ಬುಗುರಿ ಕಳೆಯಂಗಿಲ್ಲ."

ಬಾವಿ ಒಳಗಿನಿಂದ ಅಂದಿತು: "ನನ್ನ ನೀರು ಆಳದಾಗ ಐತಿ ಮಗಳ. ಹಗ್ಗ ತಾ, ನೀರು ಒಯ್ಯಿ."

ಊರ ಹೊರಗಿನ ಕಟ್ಟೆಯ ಮೇಲೆ ಮುದುಕ ಭರಮಣ್ಣ ಮುತ್ಯಾ ಕೂತಿದ್ದ. ಮಡಿಲಲ್ಲಿ ಉದ್ದನೆಯ ಹಗ್ಗ.

"ಮುತ್ಯಾ, ಮುತ್ಯಾ, ಹಗ್ಗ ಕೊಡು. ಹಗ್ಗ ಇದ್ದರ ನೀರು ಬರತೈತಿ. ನೀರು ಇದ್ದರ ಬುಟ್ಟಿ ಆಗತೈತಿ. ಬುಟ್ಟಿ ಇದ್ದರ ಇದ್ದಲಿ ಸಿಗತೈತಿ. ಇದ್ದಲಿ ಇದ್ದರ ನಾಲಿಗಿ ಆಗತೈತಿ. ನಾಲಿಗಿ ಇದ್ದರ ಗಂಟಿ ನುಡಿತೈತಿ. ಗಂಟಿ ನುಡಿದರ ಬುಗುರಿ ಕಳೆಯಂಗಿಲ್ಲ."

"ಕೊಡಂಗಿಲ್ಲ," ಅಂದ ಮುತ್ಯಾ. "ಇದು ನನ್ನ ನಾಯಿ ಹುಲ್ಯಾನ ಹಗ್ಗ. ಆಡಿಗೆ ಗಂಟಿ, ಕರುವಿಗೆ ಗಂಟಿ. ನಾಯಿಗ್ಯಾಕ ಗಂಟಿ, ಅದಕ್ಕ ದಾರಿ ಗೊತ್ತೈತಿ ಅಂತ ಬಿಚ್ಚಿಬಿಟ್ಟೆ. ಜೋಳದಾಗ ಹೋತು. ಬರಲಿಲ್ಲ."

ಮುತ್ಯಾನ ಕಣ್ಣು ತುಂಬಿತು. ದ್ಯಾಮಿಗೂ ಅಳು ಬಂತು.

"ನನ್ನ ದನಿ ಬದು ದಾಟಂಗಿಲ್ಲವ್ವಾ. ನೀ ಒಮ್ಮೆ ಕರಿ. ಕರದರ ಹಗ್ಗ ಒಯ್ಯಿ."

ದ್ಯಾಮಿ ಕಟ್ಟೆಯ ಮೇಲೆ ನಿಂತಳು. ಗಂಟಲು ಹರಿಯುವ ಹಾಗೆ ಕರೆದಳು. "ಹುಲ್ಯಾ! ಬಾ ಹುಲ್ಯಾ!"

ಜೋಳ ಅಲುಗಿತು. ಗಾಳಿ ಅಷ್ಟೇ. ನಾಯಿ ಬರಲಿಲ್ಲ.

"ಇರಲಿ," ಅಂದ ಮುತ್ಯಾ. "ಅದರ ಹೆಸರು ಇನ್ನೊಬ್ಬರ ಬಾಯಾಗ ಕೇಳಿ ಭಾಳ ದಿನ ಆಗಿತ್ತು." ಹಗ್ಗವನ್ನು ಅವಳ ಕೈಗಿಟ್ಟ.

ಮುತ್ಯಾ ಹಗ್ಗ ಕೊಟ್ಟ, ಬಾವಿ ನೀರು ಕೊಟ್ಟಿತು. ಬಾವಿ ನೀರು ಕೊಟ್ಟಿತು, ಕೇತಪ್ಪ ಬುಟ್ಟಿ ಕೊಟ್ಟ. ಕೇತಪ್ಪ ಬುಟ್ಟಿ ಕೊಟ್ಟ, ಖಾಸಿಂಬಿ ಇದ್ದಲಿ ಕೊಟ್ಟಳು. ಖಾಸಿಂಬಿ ಇದ್ದಲಿ ಕೊಟ್ಟಳು, ಮೌನೇಶ ನಾಲಿಗೆ ಕೊಟ್ಟ. ನಾಲಿಗೆ ಗಂಟೆಗೆ ಬಂತು, ಗಂಟೆ ಬುಗುರಿಯ ಕೊರಳಿಗೆ ಬಂತು. ಟಿಣ್! ಟಿಣ್!

ಮರುದಿನ ಬುಗುರಿ ತಾಯಿಯ ಹಿಂದೆ ಜೋಳ ಹೊಕ್ಕಿತು. ಸಂಜೆ ತಾಯಿ ಬಂತು, ಮರಿ ಇಲ್ಲ. ದ್ಯಾಮಿ ಗಂಟೆಗೆ ಕಿವಿಗೊಟ್ಟು ನಿಂತಳು. ಈ ಕಡೆ ಇಲ್ಲ. ಆ ಕಡೆ ಇಲ್ಲ. ಗುಡ್ಡದ ಕಡೆ ಸಣ್ಣಗೆ, ಟಿಣ್! ಓಡಿದಳು ನೋಡಿ, ಎದ್ದೆನೋ ಬಿದ್ದೆನೋ ಅಂತ. ಜೋಳದ ದಂಟಿನ ನಡುವೆ ಬುಗುರಿ ನಡುಗುತ್ತ ನಿಂತಿತ್ತು. ಎತ್ತಿ ಎದೆಗವಚಿಕೊಂಡಳು.

ಈಗ ಆ ಊರಲ್ಲಿ ಆಡಿಗೂ ಗಂಟೆ, ಕರುವಿಗೂ ಗಂಟೆ, ನಾಯಿಗೂ ಗಂಟೆ.

ದಿನಾ ಸಂಜೆ ದ್ಯಾಮಿ ಮುತ್ಯಾನ ಪಕ್ಕ ಕಟ್ಟೆಯ ಮೇಲೆ ನಿಂತು ಎರಡು ಹೆಸರು ಕರೆಯುತ್ತಾಳೆ. ಬುಗುರೀ ಅಂದರೆ ಬುಗುರಿ ಓಡಿ ಬರುತ್ತದೆ. ಆಮೇಲೆ ಹುಲ್ಯಾ ಅಂತ ಕರೆಯುತ್ತಾಳೆ. ಮೂವರೂ ಇನ್ನಷ್ಟು ಹೊತ್ತು ಕಾಯುತ್ತಾರೆ.