ಅಜ್ಜನವರು ಉಡಿ ತುಂಬಿದ ದಿನ

ಪೂಜ್ಯ ಶ್ರೀ ಮರುಳಯ್ಯ ಅಜ್ಜನವರು ಹಳ್ಳದ ದಂಡೆಯ ಮಠದಲ್ಲಿ ನೆಲೆಸಿದ್ದ ಕಾಲ. ಮಠವೆಂದರೆ ಮಣ್ಣಿನ ಮಾಳಿಗೆಯ ಎರಡು ಕೋಣೆ, ದಾಸೋಹದ ಒಲೆ, ಅಂಗಳದಲ್ಲಿ ಒಂದು ಬೇವಿನ ಮರ, ಅಷ್ಟೆ. ಭಕ್ತರು ತಂದುಕೊಟ್ಟ ಹಳೆಯ ಧೋತರ, ಸೀರೆಗಳನ್ನು ತುಂಡರಿಸಿ ಕೌದಿ ಹೊಲಿಯುವುದು ಪೂಜ್ಯರ ನಿತ್ಯದ ಕಾಯಕವಾಗಿತ್ತು. ಆ ಕೌದಿಗಳು ಚಳಿಯಲ್ಲಿ ಮಲಗುವವರಿಗೆ ಹೋಗುತ್ತಿದ್ದವು. ಯಾರು ಬಂದು ಏನು ಹೇಳಿದರೂ ಪೂಜ್ಯರು ಕೇಳಿಸಿಕೊಳ್ಳುತ್ತಿದ್ದರು, ಆದರೆ ಸೂಜಿಯನ್ನು ನಿಲ್ಲಿಸುತ್ತಿರಲಿಲ್ಲ.

ಒಂದು ಸಂತೆಯ ದಿನ ಮಧ್ಯಾಹ್ನ ಚಂಪಾ ಎಂಬಾಕೆ ಆ ಅಂಗಳಕ್ಕೆ ಬಂದಳು. ಹುಟ್ಟಿದಾಗ ಮನೆಯವರು ಆಕೆಯನ್ನು ಗಂಡೆಂದು ಬಗೆದು ಗಂಡಿನ ಹೆಸರಿಟ್ಟಿದ್ದರು. ತಾನು ಹೆಣ್ಣೆಂಬುದನ್ನು ಆಕೆ ಚಿಕ್ಕಂದಿನಿಂದಲೇ ಬಲ್ಲಳು. ಅದನ್ನು ಬಾಯಿಬಿಟ್ಟು ಹೇಳಿದ ದಿನ ಅಣ್ಣನು ಆಕೆಯ ಕೂದಲು ಕತ್ತರಿಸಿ, ನೆರೆಯವರಿಗೆ ಕಾಣದಂತೆ ಹಿತ್ತಲ ಬಾಗಿಲಿನಿಂದ ಹೊರಗೆ ಹಾಕಿದ್ದನು. ಅಂದಿನಿಂದ ಸಂತೆಗಳಲ್ಲಿ ಹೂ ಕಟ್ಟಿ ಮಾರಿ ಬದುಕುತ್ತಿದ್ದಳು. ಅಂದು ನಾಲ್ವರು ಯುವಕರು, "ಏ, ಸೀರಿ ಬಿಚ್ಚಿ ತೋರಸ, ಗಂಡೋ ಹೆಣ್ಣೋ ನೋಡೂಣು" ಎನ್ನುತ್ತ ಬುಟ್ಟಿಯನ್ನು ಒದ್ದರು. ಆಕೆ ಎದ್ದು ನಿಂತು ಏಕೆಂದು ಕೇಳಿದ್ದಕ್ಕೆ ಹೊಡೆದರು. ಹುಬ್ಬು ಒಡೆದಿತ್ತು, ಬಳೆಯ ಚೂರು ಮುಂಗೈಯನ್ನು ಸೀಳಿತ್ತು. ಠಾಣೆಗೆ ಹೋದರೆ, "ನಿಮ್ಮಂಥವರದು ದಿನಾ ಇದ್ದದ್ದ, ನಡಿ ನಡಿ" ಎಂದು ಅಟ್ಟಿದ್ದರು.

ಪೂಜ್ಯರು ಹೆಸರು ಕೇಳಿದರು.

"ಮನ್ಯಾಗ ಇಟ್ಟದ್ದೊಂದೈತ್ರಿ ಅಜ್ಜಾರ, ನಾ ಇಟಗೊಂಡದ್ದೊಂದೈತ್ರಿ."

"ನಿಂದು ಹೇಳವ್ವಾ."

"ಚಂಪಾ."

"ಒಳಗ ಬಾ, ಚಂಪವ್ವ," ಎಂದು ತಾವು ಹೊದೆಯುವ ಕೌದಿಯನ್ನೇ ಕೊಟ್ಟರು.

ದಾಸೋಹದ ಅಡುಗೆ ನೋಡಿಕೊಳ್ಳುತ್ತಿದ್ದ ನೀಲಗಂಗವ್ವ ಎಂಬ ಹಿರಿಯಳಿಗೆ ಇದು ಸೇರಲಿಲ್ಲ. ಚಂಪಾಳ ರೊಟ್ಟಿಯ ತಾಟನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು.

ಎರಡು ದಿನ ಕಳೆದ ಮೇಲೆ ಚಂಪಾಳ ಅಣ್ಣ ಚನ್ನವೀರಪ್ಪನು ಇಬ್ಬರು ಆಳುಗಳೊಂದಿಗೆ ಮಠಕ್ಕೆ ಬಂದನು. ಸಂತೆಯ ಬಯಲಿಗೆ ಹತ್ತಿಕೊಂಡೇ ಅವನ ಹಿಟ್ಟಿನ ಗಿರಣಿ. ಪೂಜ್ಯರಿಗೆ ನಮಸ್ಕರಿಸಿ ಎದ್ದವನು ಗದ್ಗದಿಸಿದನು.

"ಅಜ್ಜಾರ, ಅವನ್ನ ನನ್ನ ಕೈಯಾಗ ಕೊಡ್ರಿ. ಮನ್ಯಾಗ ಕಟ್ಟಿ ಹಾಕಿ ದಾರಿಗೆ ತರತೀನಿ. ಇವನ ಸಲುವಾಗಿ ನನ್ನ ಮಗಳಿಗೆ ಬಂದ ಸಂಬಂಧ ಮುರದ ಬಿತ್ರಿ. ಮೊನ್ನೆ ನನ್ನ ಗಿರಣಿ ಮುಂದನ, ಅಷ್ಟ ಮಂದ್ಯಾಗ ಬಡಿಸ್ಕೊಂಡ. ಕಣ್ಣಾರೆ ನೋಡೀನ್ರಿ. ಮಾನ ಹೋತು ನಂದು!"

ಪೂಜ್ಯರ ಸೂಜಿ ನಿಂತಿತು.

"ನೋಡಿದಿ?"

"ಹೂಂರಿ."

"ನೋಡಿ ಏನ ಮಾಡಿದಿ?"

ಅಂದು ಚನ್ನವೀರಪ್ಪನು ಗಿರಣಿಯ ಬಾಗಿಲನ್ನು ಒಳಗಿನಿಂದ ಎಳೆದುಕೊಂಡಿದ್ದನು.

ಚಂಪಾ ಬೇವಿನ ಬೊಡ್ಡೆಯನ್ನು ಹಿಡಿದು ನಿಂತಿದ್ದಳು. "ಕಳಸಬ್ಯಾಡ್ರಿ ಅಜ್ಜಾರ. ಆ ಮನ್ಯಾಗ ನಾ ಜೀವಂತ ಉಳಿಯೂದಿಲ್ಲ."

ಪೂಜ್ಯರು ಅಡುಗೆಮನೆಯತ್ತ ತಿರುಗಿದರು. "ನೀಲಗಂಗವ್ವ, ಉಡಿ ಸಾಮಾನು ತಾ."

ಮಗಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಉಡಿ ತುಂಬುವುದು ಆ ಸೀಮೆಯ ತಾಯಂದಿರ ಪದ್ಧತಿ. ಉಡಿ ತುಂಬಿದ ಮನೆ ಆಕೆಗೆ ತವರುಮನೆ. ಆಕೆಯ ಕಷ್ಟಸುಖಕ್ಕೆ ಆ ಮನೆ ನಿಲ್ಲಲೇಬೇಕು. ನೀಲಗಂಗವ್ವ ಅವನ್ನೆಲ್ಲ ಅಗಲವಾದ ಪರಾತದಲ್ಲಿ ತಂದು ನೆಲಕ್ಕಿಟ್ಟಳು, ಇಟ್ಟು ಕೈಕಟ್ಟಿ ನಿಂತಳು.

"ಇಂಥವರಿಗೆ ನಾ ತುಂಬೂದಿಲ್ರಿ. ಪದ್ಧತಿ ಇಲ್ಲ."

ಪೂಜ್ಯರು ಗದ್ದುಗೆಯಿಂದ ಇಳಿದು ಚಂಪಾಳ ಎದುರು ನೆಲದ ಮೇಲೆ ಕುಳಿತರು. ಬಾಲ್ಯದಲ್ಲೇ ಮನೆ ತೊರೆದ ವಿರಕ್ತರು. ಆ ಕೈಗಳಿಗೆ ಕೌದಿ ಗೊತ್ತಿತ್ತು, ಉಡಿ ಗೊತ್ತಿರಲಿಲ್ಲ. ಎರಡೂ ಕೈಯಿಂದ ಅಕ್ಕಿಯನ್ನು ಬಾಚಿ ನೇರವಾಗಿ ಸೆರಗಿಗೆ ಸುರಿದರು. ಅರ್ಧ ನೆಲದ ಪಾಲಾಯಿತು.

"ಅಯ್ಯ, ಹಂಗಲ್ರಿ ಅಜ್ಜಾರ!" ನೀಲಗಂಗವ್ವನಿಗೆ ತಡೆಯಲಾಗಲಿಲ್ಲ. "ಮೊದಲ ಅರಿಷಿಣ ಕುಂಕುಮ, ಆಮ್ಯಾಲ ಖಣ, ಖಣದ ಮ್ಯಾಲ ಅಕ್ಕಿ! ಸರೀರಿ ನೀವು, ಗಂಡಸರಿಗೇನ ತಿಳಿತೈತಿ!"

ಪೂಜ್ಯರು ವಿಧೇಯರಾಗಿ ಸರಿದರು. ನೀಲಗಂಗವ್ವನ ಬೆರಳು ಚಂಪಾಳ ಹಣೆಗೆ ಕುಂಕುಮವಿಡುತ್ತ, ಒಡೆದ ಹುಬ್ಬಿನ ಹತ್ತಿರ ಬಂದು ತಡೆಯಿತು. ತಾನು ಏನು ಮಾಡುತ್ತಿದ್ದೇನೆಂಬುದು ಆಗ ಅವಳಿಗೆ ತಿಳಿಯಿತು. ಕೈ ಹಿಂದೆಗೆಯಲಿಲ್ಲ.

"ಭಾಳ ನೋವೈತೇನವ್ವಾ?" ಎಂದಳು. ಆಮೇಲೆ, "ಸೆರಗ ಸರಿಯಾಗಿ ಹಿಡಿ."

ಉಡಿ ತುಂಬಿತು. ಪೂಜ್ಯರು ಚನ್ನವೀರಪ್ಪನ ಕಡೆ ನೋಡಿದರು.

"ಈಗ ಈಕಿ ಮಠದ ಮಗಳು. ತಂಗೀನ ಕರಿಯಾಕ ಆಳು ಕರಕೊಂಡ ಬರತಾರೇನಪಾ? ಸೀರಿ ತರತಾರ."

ಅವನು ಬಂದ ದಾರಿಯಲ್ಲಿ ಮರಳಿದನು.

ಮರುದಿನ ಬೆಳಿಗ್ಗೆ ಪೂಜ್ಯರು ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ಚಂಪಾಳೊಂದಿಗೆ ಗಿರಣಿಯ ಮುಂದೆ ಹಾದು ಠಾಣೆಗೆ ನಡೆದರು. ಅಧಿಕಾರಿ ಗಡಬಡಿಸಿ ಎದ್ದು ಕುರ್ಚಿ ಕೊಟ್ಟನು. ಪೂಜ್ಯರು ಬಾಗಿಲ ಬಳಿಯ ಬೆಂಚಿನ ಮೇಲೆ ಆಕೆಯ ಪಕ್ಕದಲ್ಲೇ ಕುಳಿತು ಹೊಲಿಯತೊಡಗಿದರು.

"ನೀವ್ಯಾಕ ಬರಾಕ ಹೋದ್ರಿ ಅಜ್ಜಾರ? ನಾವು ನೋಡತೀವಲ್ರಿ."

"ನೋಡ್ರಿ. ಬರಿಯೂತನಕ ನಾ ಹೊಲಿತಿರತೀನಿ."

ದೂರು ಬರೆಯತೊಡಗಿದರು. ಹೊಡೆದವರ ಹೆಸರು ಚಂಪಾಳಿಗೆ ಗೊತ್ತಿರಲಿಲ್ಲ. "ನೋಡಿದವರು ಯಾರರ ಅದಾರೇನು?" ಎಂದು ಅಧಿಕಾರಿ ಕೇಳಿದನು. ಸಂತೆಯಷ್ಟು ಜನ ನೋಡಿದ್ದರು, ಯಾರೂ ಬಂದಿರಲಿಲ್ಲ.

"ನಾ ನೋಡೀನ್ರಿ."

ಬಾಗಿಲಲ್ಲಿ ಚನ್ನವೀರಪ್ಪ ನಿಂತಿದ್ದನು. ಮೊಣಕೈಯವರೆಗೆ ಹಿಟ್ಟು. ನಡೆಯುತ್ತಿದ್ದ ಗಿರಣಿಯನ್ನು ನಿಲ್ಲಿಸಿ ಬಂದಿದ್ದನು. "ನಾಕೂ ಮಂದಿ ಹೆಸರು ಹೇಳತೀನಿ, ಬರಕೋರಿ."

"ನೀವು ಇವರಿಗೆ ಏನಾಗಬೇಕು?"

"ಅಣ್ಣ ಆಗಬೇಕ್ರಿ," ಎಂದನು. "ಈಕಿ ನನ್ನ ತಂಗಿ."

ಪೂಜ್ಯರು ಹಲ್ಲಿನಿಂದ ದಾರ ಕಡಿದು ಕೌದಿಯನ್ನು ಮಡಚಿದರು.

ಮಣ್ಣಿಗಿಟ್ಟ ಮೇಲೆ ತಮ್ಮವರ ಹೆಸರು ಹಿಡಿದು ಅಳುವವರು ಬಹಳ. ಉಸಿರಿರುವಾಗಲೇ ತಂಗಿಯನ್ನು ತಂಗಿಯೆಂದು ಕರೆಯುವ ಭಾಗ್ಯ ಚನ್ನವೀರಪ್ಪನಿಗೆ ಪೂಜ್ಯರ ಕೃಪೆಯಿಂದ ದೊರೆಯಿತು.

ಅಕ್ಕತಂಗಿಯರನ್ನು ಮನೆಗೆ ಕರೆತರುವ ನಾಗಪಂಚಮಿಗೆ ಅವನು ಒಬ್ಬನೇ ಬಂದನು. ಕೈಯಲ್ಲಿ ಇಳಕಲ್ಲ ಸೀರೆಯಿತ್ತು. ಪೂಜ್ಯರು ಸೂಜಿಯಿಂದ ಕಣ್ಣೆತ್ತದೆ, "ನನ್ನ ಕೇಳಬ್ಯಾಡ. ಬರೂದು ಬಿಡೂದು ಆಕೀದು," ಎಂದರು.

ಚಂಪಾ ಸೀರೆಯನ್ನು ನೋಡಿದಳು, ಅಣ್ಣನನ್ನು ನೋಡಿದಳು.

"ಯಾವ ಬಾಗಲಲೆ ಕರಕೊಂಡ ಹೋಗತಿ?"

"ಮುಂದಿನ ಬಾಗಲಲೆ, ಚಂಪಾ."

ಹಬ್ಬ ಮುಗಿಸಿ ಆಕೆ ಮಠಕ್ಕೆ ಮರಳಿದಾಗ ನೀಲಗಂಗವ್ವ ಓಡಿ ಬಂದು ಮೊದಲು ಸೆರಗನ್ನು ಬಿಡಿಸಿ ನೋಡಿದಳು. ಅತ್ತಿಗೆ ಉಡಿ ತುಂಬಿ ಕಳಿಸಿದ್ದಳು. ಕೆಳಗೆ ಖಣ, ಖಣದ ಮೇಲೆ ಅಕ್ಕಿ.