ದೊರೆ ಸಾಯದ ಓಲೆ

ವರದೆಯ ದಂಡೆಯಲ್ಲಿ ಹಾಲಯ್ಯ ಗುರುಗಳ ಆಶ್ರಮ. ಅಲ್ಲಿಗೆ ಅವರ ಹಳೆಯ ಶಿಷ್ಯ, ಅರಮನೆಯ ಚರಿತ್ರೆ ಬರೆಯುವ ಕೇತರಸ ಓಲೆಗರಿಯ ಕಟ್ಟು ಹೊತ್ತು ಬಂದ. ಸೊಂಟದ ಮೇಲೆ ಬೀರರಸ ದೊರೆಯ ಮಗ, ಮೂರು ವರ್ಷದ ಪೆರ್ಮಾಡಿ. ಮಗುವನ್ನು ಅರಮನೆಯಲ್ಲಿ ಬಿಟ್ಟು ಬರಲು ಅವನಿಗೆ ಧೈರ್ಯವಿರಲಿಲ್ಲ.

ಇಪ್ಪತ್ತೆಂಟನೇ ವಯಸ್ಸಿಗೇ ದೊರೆ ಜ್ವರದಲ್ಲಿ ತೀರಿಕೊಂಡಿದ್ದ. "ಪಟ್ಟ ನನ್ನ ಮಗುವಿಗೆ" ಎಂದ ಅವನ ಕೊನೆಯ ಮಾತು ಕೇಳಿದವನು ಕೇತರಸ ಒಬ್ಬನೇ. ಅದನ್ನು ಬರೆದು ನಾಳೆ ಸಭೆಯಲ್ಲಿ ಓದದಿದ್ದರೆ ಸಿಂಹಾಸನ ದೊರೆಯ ಚಿಕ್ಕಪ್ಪನಿಗೆ. ಪಟ್ಟಕ್ಕೆ ಅಡ್ಡ ಬಂದವರನ್ನು ಆ ಚಿಕ್ಕಪ್ಪ ಉಳಿಸುವವನಲ್ಲವೆಂದು ಊರಿಗೇ ಗೊತ್ತು.

"ಬರೆದೆಯೇನಪ್ಪಾ?"

"ಬರೆದೆ ಗುರುಗಳೇ. ನೂರು ಗರಿ."

ಗುರುಗಳು ಕಟ್ಟು ಬಿಚ್ಚಿದರು. ಏನೂ ಕಾಣಲಿಲ್ಲ. ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಅಕ್ಷರ, ಮಸಿ ತೀಡಿದರೆ ತಾನೆ ಕಾಣುವುದು?

"ಮಸಿ ಯಾಕೆ ತೀಡಿಲ್ಲ?"

ಕೇತರಸ ಮಗುವನ್ನು ಸೊಂಟದಿಂದ ಕೆಳಗಿಳಿಸಿದ.

ಗುರುಗಳೇ ದೀಪದ ಮಸಿಗೆ ಎಣ್ಣೆ ಕಲಸಿ ತೀಡಿದರು. ಅಕ್ಷರಗಳು ಎದ್ದು ಬಂದವು. 'ದೊರೆಗೆ ಜ್ವರ ಬಿಟ್ಟಿತು. ಮೂವತ್ತರಲ್ಲಿ ಕೆರೆ ಕಟ್ಟಿಸಿದ. ಎಂಬತ್ತರಲ್ಲಿ ಮರಿಮಕ್ಕಳಿಗೆ ಕುದುರೆ ಏರುವುದು ಕಲಿಸಿದ.'

ಎಂಥ ಬರಹ ಅಂತೀರಿ! ಓದುತ್ತಾ ಓದುತ್ತಾ ಗುರುಗಳ ಕಣ್ಣೂ ತುಂಬಿತು.

"ಸತ್ತ ಅಂತ ಬರೆಯಲು ಕೈ ಏಳುವುದಿಲ್ಲ ಗುರುಗಳೇ. ಅವನಿಗೆ ಅಕ್ಷರ ತಿದ್ದಿಸಿದ ಕೈ ಇದು."

"ಇದರಲ್ಲಿ ಮಗುವಿಗೆ ಪಟ್ಟ ಎಲ್ಲಿದೆ?"

"ದೊರೆ ಇರುವಾಗ ಮಗುವಿಗೆಂಥ ಪಟ್ಟ?" ಎಂದವನು ನಾಲಿಗೆ ಕಚ್ಚಿಕೊಂಡ.

ಅಷ್ಟರಲ್ಲಿ ಪೆರ್ಮಾಡಿ ಕಂಟ ಎತ್ತಿಕೊಂಡು ಖಾಲಿ ಗರಿಯೊಂದರ ಮೇಲೆ ಗೀಚತೊಡಗಿದ್ದ.

"ಏಯ್, ಕೈ ಚುಚ್ಚೀತು!" ಎಂದು ಧಾವಿಸಿದ ಕೇತರಸ ಅಲ್ಲೇ ನಿಂತುಬಿಟ್ಟ. ಮಗು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಕಂಟ ಹಿಡಿದಿತ್ತು. ಬೀರರಸ ಹಿಡಿಯುತ್ತಿದ್ದುದು ಹಾಗೇ! ಎಷ್ಟು ಬೈದರೂ, ಎಷ್ಟು ವರ್ಷ ತಿದ್ದಿದರೂ ಹೋಗದ ಹಿಡಿತ. ಈ ಕೂಸಿಗೆ ಅದನ್ನು ಯಾರು ಹೇಳಿಕೊಟ್ಟರು?

ಗುರುಗಳು ಆ ಗರಿಗೂ ಮಸಿ ತೀಡಿದರು. ಸೊಟ್ಟ ಗೆರೆಯೊಂದು ಕಾಣಿಸಿತು. ಪಕ್ಕದಲ್ಲಿ ಬೇಕಾದಷ್ಟು ಜಾಗವಿತ್ತು. ಗರಿಯನ್ನು ಶಿಷ್ಯನ ಕೈಗಿಟ್ಟು ಹೇಳಿದರು:

"ಇವತ್ತು ಅಪ್ಪ ಸತ್ತ ಎಂದು ಬರೆ, ಕೇತರಸ. ಇಲ್ಲದಿದ್ದರೆ ನಾಳಿದ್ದು ಮಗ ಸತ್ತ ಎಂದು ಬರೆಯಬೇಕಾದೀತು."